ಮಲಗುವ ಮುಂಚಿನ ಪುಸ್ತಕ: ಮಲೆನಾಡಿನ ಮನೆಗೊಂದು ರೂಢಿ

ರಾತ್ರಿ ಮಗುವಿಗೆ ಪುಸ್ತಕ ಓದಿ ಮಲಗಿಸಬೇಕು ಎಂಬುದನ್ನು ಈಗ ಒಪ್ಪದವರು ಕಡಿಮೆ. ಒಪ್ಪಿದ ಮೇಲೆ ಬರುವ ತಕರಾರು ಬೇರೆ. ಎಂಟೂವರೆಗೆ ಓದೋಣ ಎಂದು ಗೊತ್ತು ಮಾಡಿದ ದಿನವೇ ಎಂಟಕ್ಕೆ ಕರೆಂಟು ಹೋಗುತ್ತದೆ. ಮರುದಿನ ನೆಂಟರು ಬರುತ್ತಾರೆ. ಅಡಿಕೆ ಕೊಯ್ಲು ಶುರುವಾದರಂತೂ ಮನೆಯಲ್ಲಿ ಯಾರ ಊಟ ಎಷ್ಟೊತ್ತಿಗೆ ಎಂಬುದೇ ತಿಳಿಯುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಪುಸ್ತಕ ಟಿವಿ ಸ್ಟ್ಯಾಂಡಿನ ಮೇಲೆ, ಮಗು ಮೊಬೈಲಿನ ಮುಂದೆ.

ಇದಕ್ಕೆ ತಂದೆತಾಯಿಯನ್ನು ಸೋಮಾರಿಗಳು ಎಂದು ಬೈದು ಪ್ರಯೋಜನವಿಲ್ಲ. ಗಡಿಯಾರ ನೋಡಿ ಕಟ್ಟಿದ ರೂಢಿ ನಮ್ಮ ಕಡೆ ನಿಲ್ಲುವುದು ಕಷ್ಟ. ನಿಲ್ಲುವಂಥದ್ದು ಸಾಲು, ಅಂದರೆ ಯಾವುದಾದ ಮೇಲೆ ಯಾವುದು ಎಂಬ ಕ್ರಮ. ಕ್ರಮ ಒಂದೇ ಆಗಿದ್ದರೆ ಹೊತ್ತು ಅರ್ಧ ಗಂಟೆ ಹಿಂದೆಮುಂದೆ ಆದರೂ ಮಗು ಅದನ್ನು ಹಿಡಿದುಕೊಳ್ಳುತ್ತದೆ. ಒಂದರಿಂದ ಆರು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ, ಶಿವಮೊಗ್ಗದ ಬಾಡಿಗೆ ಮನೆಯಾಗಲಿ ತೀರ್ಥಹಳ್ಳಿ ಕಡೆಯ ತೋಟದ ಮನೆಯಾಗಲಿ, ಹೊಂದುವಂತೆ ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಸಾಲು ಗೊತ್ತು ಮಾಡಿ

ಊಟ, ಬಚ್ಚಲಿನಲ್ಲಿ ಕೈಕಾಲು ಮುಖ, ಹಲ್ಲುಜ್ಜುವುದು, ಒಂದಕ್ಕೆ ಹೋಗಿ ಬರುವುದು, ಹಾಸಿಗೆ, ಪುಸ್ತಕ, ದೀಪ ಆರಿಸುವುದು. ಇಷ್ಟು ಸಾಕು. ಹಂಡೆಯಲ್ಲಿ ಹೇಗೂ ಬಿಸಿನೀರು ಇರುವ ಮನೆಯಾದರೆ ಕೈಕಾಲು ತೊಳೆಯುವ ಬದಲು ಎರಡು ಚೊಂಬು ಸ್ನಾನವನ್ನೇ ಮಾಡಿಸಬಹುದು. ಮಳೆಗಾಲದಲ್ಲಿ ಮೈ ಬೆಚ್ಚಗಾದ ಮಗು ಬೇಗ ಹಾಸಿಗೆಗೆ ಬರುತ್ತದೆ. ನಿಮ್ಮ ಮನೆಯ ಸಾಲು ಬೇರೆ ಇರಲಿ, ತೊಂದರೆ ಇಲ್ಲ. ಆದರೆ ಎರಡು ವಿಷಯ ಬದಲಾಗಬಾರದು: ಪುಸ್ತಕ ಹಾಸಿಗೆಯ ಮೇಲೆ, ಮತ್ತು ಪುಸ್ತಕದ ನಂತರ ದೀಪ ಆರುವುದು ಬಿಟ್ಟು ಇನ್ನೇನೂ ಇಲ್ಲ. ಪುಸ್ತಕ ಮುಗಿದ ಮೇಲೆ ಹಾಲು, ಹಾಲಾದ ಮೇಲೆ ಅಜ್ಜನ ಹತ್ತಿರ ಒಂದು ಸುತ್ತು ಎಂದರೆ ಇಡೀ ಕೆಲಸ ಮೊದಲಿನಿಂದ ಶುರು.

ಹೊತ್ತಿನ ಲೆಕ್ಕ ಬೇಕೆಂದರೆ ಬೆಳಗಿನಿಂದ ಹಿಂದಕ್ಕೆ ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ 1–2 ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, 3–4 ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಮಧ್ಯಾಹ್ನದ ನಿದ್ದೆಯೂ ಇದರಲ್ಲೇ ಸೇರಿತು. ನಾಲ್ಕು ವರ್ಷದ ಮಗುವನ್ನು ಎಲ್‌ಕೆಜಿ ವ್ಯಾನಿಗಾಗಿ ಆರೂವರೆಗೆ ಎಬ್ಬಿಸಬೇಕು, ಮಧ್ಯಾಹ್ನ ಒಂದು ಗಂಟೆ ಮಲಗುತ್ತದೆ ಎಂದಾದರೆ ರಾತ್ರಿ ಒಂಬತ್ತೂವರೆಯೇ ಕೊನೆಯ ಗಡಿ. ಒಂಬತ್ತಕ್ಕೆ ನಿದ್ದೆ ಹತ್ತಿದರೆ ಚೆನ್ನ. ಹಾಗಾಗಿ ಎಂಟೂವರೆಯ ಸುಮಾರಿಗೆ ಪುಸ್ತಕ ಕೈಯಲ್ಲಿರಬೇಕು. ಓದಿಗೆ ಎಷ್ಟು ಹೊತ್ತು? ಒಂದು ವರ್ಷದ ಕೂಸಿಗೆ ಐದು ನಿಮಿಷ, ನಾಲ್ಕರ ಮಗುವಿಗೆ ಹದಿನೈದು. ಅರ್ಧ ಗಂಟೆ ಓದಲೇಬೇಕೆಂದು ಹಟ ಹಿಡಿದವರು ಮೂರನೇ ದಿನಕ್ಕೆ ಬಿಡುತ್ತಾರೆ.

ಇನ್ನು ಟಿವಿ, ಮೊಬೈಲು. ಅದೇ ಮಾರ್ಗಸೂಚಿ ಒಂದು ವರ್ಷದ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎನ್ನುತ್ತದೆ. ಪರದೆಯ ಬೆಳಕು ನಿದ್ದೆ ತರುವ ಮೆಲಟೋನಿನ್ ಹಾರ್ಮೋನನ್ನು ತಡೆಯುವುದರಿಂದ ಮಲಗುವ ಒಂದು ಗಂಟೆ ಮುಂಚೆ ಅದನ್ನು ನಿಲ್ಲಿಸಬೇಕು. ನಮ್ಮ ಮನೆಗಳಲ್ಲಿ ಆ ಒಂದು ಗಂಟೆ ಸರಿಯಾಗಿ ಧಾರಾವಾಹಿಗಳ ಹೊತ್ತು. ಹಿರಿಯರ ಟಿವಿ ಆರಿಸಲು ಹೋಗಿ ಮನೆಯಲ್ಲಿ ಜಗಳ ಮಾಡಿಕೊಳ್ಳುವುದಕ್ಕಿಂತ ಮಗುವನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡುವುದು ಸುಲಭ. ಶಬ್ದ ಸ್ವಲ್ಪ ಕಡಿಮೆ ಇಡಿ ಎಂದರೆ ಯಾವ ಅಜ್ಜಿಯೂ ಬೇಡ ಅನ್ನುವುದಿಲ್ಲ.

ಹಾಸಿಗೆ, ಬೆಳಕು, ಕರೆಂಟು

ಮಗುವನ್ನು ಎದುರಿಗೆ ಕೂರಿಸಿಕೊಂಡು ಮೇಷ್ಟ್ರ ಹಾಗೆ ಓದಬೇಡಿ. ಪಕ್ಕದಲ್ಲೋ ತೊಡೆಯ ಮೇಲೋ ಇರಲಿ, ಚಿತ್ರ ಇಬ್ಬರಿಗೂ ಕಾಣಲಿ, ಪುಸ್ತಕದ ಒಂದು ಅಂಚು ಮಗುವಿನ ಕೈಯಲ್ಲಿರಲಿ. ಇಬ್ಬರು ಮಕ್ಕಳಿದ್ದರೆ ಆಚೆಗೊಂದು ಈಚೆಗೊಂದು. ಪುಟ ತಿರುಗಿಸುವ ಅಧಿಕಾರ ಚಿಕ್ಕದಕ್ಕೆ, ಪುಸ್ತಕ ಆರಿಸುವ ಅಧಿಕಾರ ದೊಡ್ಡದಕ್ಕೆ ಎಂದು ಮೊದಲೇ ಹಂಚಿಬಿಡಿ. ಸೊಳ್ಳೆ ಪರದೆ ಕಟ್ಟಿ ಅದರೊಳಗೇ ಓದಿದರೆ ಮಗು ಎದ್ದು ಓಡುವುದು ತಪ್ಪುತ್ತದೆ.

ಟ್ಯೂಬ್‌ಲೈಟಿನ ಬಿಳಿ ಬೆಳಕಿಗಿಂತ ಹಳದಿ ಬೆಳಕಿನ ಕಡಿಮೆ ವ್ಯಾಟಿನ ಬಲ್ಬು ಒಳ್ಳೆಯದು. ಅದು ಬೆನ್ನ ಹಿಂದೆ, ಭುಜದ ಮೇಲಿನಿಂದ ಪುಸ್ತಕಕ್ಕೆ ಬೀಳುವಂತಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಹರಿಯುವ ಊರುಗಳಲ್ಲಿ ಚಾರ್ಜ್ ಮಾಡುವ ಎಲ್‌ಇಡಿ ದೀಪವೊಂದನ್ನು ಹಾಸಿಗೆ ಪಕ್ಕದಲ್ಲೇ ಇಟ್ಟುಕೊಳ್ಳಿ. ಸೊಳ್ಳೆ ಪರದೆಯ ಒಳಗಾಗಲಿ ಹತ್ತಿರವಾಗಲಿ ಮೇಣದಬತ್ತಿ, ಚಿಮಣಿ ದೀಪ ಬೇಡ. ನೈಲಾನ್ ಪರದೆಗೆ ಬೆಂಕಿ ತಾಗಿದರೆ ಕ್ಷಣ ಸಾಕು. ಮೊಬೈಲಿನ ಟಾರ್ಚೂ ಆಗದು ಎನ್ನುತ್ತೇನೆ. ಟಾರ್ಚಿಗೆ ಎತ್ತಿಕೊಂಡ ಮೊಬೈಲು ಮಗುವಿನ ಕಣ್ಣಿಗೆ ಮೊಬೈಲೇ.

ದೀಪವೂ ಇಲ್ಲದ ರಾತ್ರಿ ಪುಸ್ತಕ ಮುಚ್ಚಿ, ನಿನ್ನೆ ಓದಿದ್ದನ್ನೇ ಬಾಯಲ್ಲಿ ಹೇಳಿ. ಮಗುವಿಗೆ ಪುಟಗಳು ನೆನಪಿರುತ್ತವೆ. ‘ಈಗ ಎಂತ ಚಿತ್ರ ಬರ್ತದೆ?’ ಎಂದು ಕೇಳಿ ನೋಡಿ, ನಿಮಗಿಂತ ಮುಂದೆ ಹೋಗುತ್ತದೆ.

ಪುಸ್ತಕ ಯಾವುದು, ಎಲ್ಲಿಂದ

ಒಂದು ವರ್ಷದ ಹೊತ್ತಿಗೆ ದಪ್ಪ ರಟ್ಟಿನ, ಪುಟಕ್ಕೊಂದು ಚಿತ್ರವಿರುವ ಪುಸ್ತಕ. ಅದನ್ನು ಬಾಯಿಗೆ ಹಾಕುತ್ತದೆ, ತಲೆಕೆಳಗೆ ಹಿಡಿಯುತ್ತದೆ, ಹಾಕಲಿ, ಹಿಡಿಯಲಿ. ಎರಡು ಮೂರರಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುವ ಕಥೆ. ನಾಲ್ಕರಲ್ಲಿ ಏನೋ ಒಂದು ಕಳೆದುಹೋಗಿ ಸಿಗುವಂಥ, ಒಂದು ತೊಂದರೆ ಬಂದು ಕಳೆಯುವಂಥ ಕಥೆ. ಐದು ಆರಕ್ಕೆ ದಿನಕ್ಕಿಷ್ಟು ಎಂದು ಓದಬಹುದಾದ ಉದ್ದದ ಕಥೆಯೂ ನಡೆಯುತ್ತದೆ. ತೀರ್ಥಹಳ್ಳಿ ಕುಪ್ಪಳಿಯ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಈ ವಯಸ್ಸಿಗೆ ಚೆನ್ನ. ಲಯ ಮಗುವನ್ನು ಹಿಡಿಯುತ್ತದೆ, ತುಂಗಾ ತೀರದ ಕಥೆಯಾದ್ದರಿಂದ ನಮ್ಮ ಮಕ್ಕಳಿಗೆ ಆ ಹೊಳೆ ಗೊತ್ತು. ಆದರೆ ರಾತ್ರಿ ಹೊತ್ತು ಇಲಿಗಳು ಹೊಳೆಗೆ ಬೀಳುವಲ್ಲಿಗೆ ನಿಲ್ಲಿಸಿ. ಮುಂದಿನ ಭಾಗದಲ್ಲಿ ಮಕ್ಕಳೇ ಕಾಣೆಯಾಗುತ್ತಾರೆ, ಅದು ಹಗಲಿಗಿರಲಿ.

ಕೊಳ್ಳಲು ಹೋದರೆ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆ ಕನ್ನಡದಲ್ಲೂ ಇದೆ, ಬೆಲೆ ಕಡಿಮೆ. ನವಕರ್ನಾಟಕ ಪ್ರಕಾಶನದವರ ಮಕ್ಕಳ ಪುಸ್ತಕಗಳೂ ಸಿಗುತ್ತವೆ. ಹಣ ಕೊಡದೆ ಬೇಕೆಂದರೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣ ಇದೆ. ಅಲ್ಲಿ ಕನ್ನಡ ಕಥೆಗಳನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿ ಇಟ್ಟಿದ್ದಾರೆ, ಪಿಡಿಎಫ್ ಇಳಿಸಿಕೊಳ್ಳಬಹುದು. ಮೊದಲ ಮಟ್ಟದ ಕಥೆಯೊಂದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ನಡುವೆ ದಾರ ಹಾಕಿ ಹೊಲಿದರೆ ಪುಸ್ತಕವಾಯಿತು. ಕಲರ್ ದುಬಾರಿ ಎನಿಸಿದರೆ ಕಪ್ಪುಬಿಳುಪಿನಲ್ಲೇ ತೆಗೆಸಿ; ಹಗಲು ಮಗು ಬಣ್ಣ ತುಂಬಲಿ, ರಾತ್ರಿ ಅದನ್ನೇ ಓದಿ. ತಾನು ಬಣ್ಣ ಹಚ್ಚಿದ ಪುಸ್ತಕವನ್ನು ಮಗು ಹರಿಯುವುದಿಲ್ಲ.

ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ಮರೆಯುತ್ತಾರೆ. ಈಗ ಅದರ ಹೆಸರು ಅರಿವು ಕೇಂದ್ರ. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಆರಂಭಿಸಿದರು. ನಿಮ್ಮ ಮಗು ಮೂರರದ್ದಾದರೆ ಶಾಲೆಗೆ ಹೋಗುವ ಅಕ್ಕನ ಹೆಸರಲ್ಲೋ ದೊಡ್ಡಪ್ಪನ ಮಗನ ಹೆಸರಲ್ಲೋ ತನ್ನಿ. ಮನೆಯಲ್ಲಿ ಒಮ್ಮೆಗೆ ಐದಾರು ಪುಸ್ತಕ ಇದ್ದರೆ ಧಾರಾಳ. ಇಪ್ಪತ್ತು ರಾಶಿ ಹಾಕಿದರೆ ಆರಿಸುವುದರಲ್ಲೇ ಹೊತ್ತು ಹೋಗುತ್ತದೆ.

ಭಾಷೆಯ ಪ್ರಶ್ನೆ ಬಂದೇ ಬರುತ್ತದೆ. ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೇವೆ, ರಾತ್ರಿಯೂ ಇಂಗ್ಲಿಷ್ ಓದಿದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ನನ್ನ ಮಾತು ಒಂದೇ: ನೀವು ಬೈಯುವುದು, ಮುದ್ದು ಮಾಡುವುದು ಯಾವ ಭಾಷೆಯಲ್ಲೋ ಅದರಲ್ಲೇ ಓದಿ. ಹವ್ಯಕರ ಮನೆಯಾದರೆ ಹವ್ಯಕ ಕನ್ನಡ, ಶಿಕಾರಿಪುರದ ತಾಂಡಾದಲ್ಲಿ ಲಂಬಾಣಿ, ಶಿವಮೊಗ್ಗದ ಎಷ್ಟೋ ಮನೆಗಳಲ್ಲಿ ಉರ್ದು, ಕೊಂಕಣಿ, ತಮಿಳು. ಪುಸ್ತಕ ಇಂಗ್ಲಿಷಿನದಾದರೂ ಚಿತ್ರ ತೋರಿಸಿ ಮನೆ ಮಾತಿನಲ್ಲಿ ಹೇಳಬಹುದು. ಕನ್ನಡ ಪುಸ್ತಕದಲ್ಲೂ ಅಷ್ಟೆ. ‘ಕರಡಿಯು ಮರವನ್ನೇರಿ ಜೇನನ್ನು ತಿಂದಿತು’ ಎಂದು ಅಚ್ಚಾಗಿದ್ದರೆ ಮೂರರ ಮಗುವಿಗೆ ‘ಕರಡಿ ಮರ ಹತ್ತಿ ಜೇನು ತಿಂತು’ ಎಂದೇ ಓದಿ. ನಾಲ್ಕು ದಾಟಿದ ಮೇಲೆ ಅಚ್ಚಿನಲ್ಲಿರುವಂತೆಯೂ ಆಗಾಗ ಓದಿ. ಶಾಲೆಯಲ್ಲಿ ಆ ಭಾಷೆ ಎದುರಾದಾಗ ಹೊಸದೆನಿಸುವುದಿಲ್ಲ.

ಓದುವ ಬಗೆ

ಓದಿ ಹೇಳುವುದು ಎಂದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗಡಗಡ ಓದುವುದು ಎಂದು ತಿಳಿದವರಿಗೆ ಇದು ಬೇಜಾರಿನ ಕೆಲಸ. ಹಳೆಯ ಕಾಲದಲ್ಲಿ ಕಥೆ ಹೇಳುವವರು ಕೇಳುವವರಿಂದ ಹೂಂಗುಟ್ಟಿಸುತ್ತಿದ್ದರು. ‘ಹ್ಞೂಂ’ ಅನ್ನದಿದ್ದರೆ ಕಥೆ ಮುಂದೆ ಹೋಗುತ್ತಿರಲಿಲ್ಲ. ಪುಸ್ತಕಕ್ಕೂ ಅದೇ ಬೇಕು, ಇನ್ನೂ ಸ್ವಲ್ಪ ಜಾಸ್ತಿ ಬೇಕು. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ತೋರಿಸಿತು. ಎರಡು ಎರಡೂವರೆ ವರ್ಷದ ಮಕ್ಕಳ ತಂದೆತಾಯಿಯರಿಗೆ, ಓದುವಾಗ ಪ್ರಶ್ನೆ ಕೇಳುವುದು, ಮಗು ಹೇಳಿದ್ದನ್ನು ಬೆಳೆಸಿ ಹೇಳುವುದು ಇಷ್ಟನ್ನು ಕಲಿಸಿದರು. ಒಂದು ತಿಂಗಳಲ್ಲಿ ಆ ಮಕ್ಕಳು ಮಾತಿನ ಪರೀಕ್ಷೆಗಳಲ್ಲಿ ಸುಮ್ಮನೆ ಓದಿಸಿಕೊಂಡ ಮಕ್ಕಳಿಗಿಂತ ಮುಂದಿದ್ದರು.

ಹೇಗೆಂದು ಒಂದು ಪುಟ ಹಿಡಿದು ನೋಡೋಣ. ಚಿತ್ರದಲ್ಲಿ ತಾಯಿ ಆನೆ ಹೊಳೆಯೊಳಗೆ ಮಲಗಿದೆ, ಮರಿ ದಂಡೆಯ ಮೇಲಿದೆ. ಶಿವಮೊಗ್ಗದ ಹತ್ತಿರದ ಸಕ್ರೆಬೈಲು ಆನೆ ಬಿಡಾರದಲ್ಲಿ ಬೆಳಿಗ್ಗೆ ಆನೆಗಳಿಗೆ ಸ್ನಾನ ಮಾಡಿಸುವುದನ್ನು ನೋಡಿ ಬಂದ ಮೂರು ವರ್ಷದ ಮಗು ಪಕ್ಕದಲ್ಲಿದೆ.

‘ಇದೆಂತ ಪುಟ್ಟಿ?’

‘ಆನೆ.’

‘ಹೌದು, ಆನೆಮರಿ. ದಂಡೆ ಮೇಲೆ ನಿಂತ್ಕಂಡಿದೆ. ಎಂತಕ್ಕೆ ನೀರಿಗೆ ಇಳಿತಿಲ್ಲ ಅದು?’

ಇಲ್ಲಿ ಸುಮ್ಮನಿರಬೇಕು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ನಮಗೆ ಮೌನ ತಡೆಯುವುದಿಲ್ಲ, ನಾವೇ ಉತ್ತರ ಹೇಳಿಬಿಡುತ್ತೇವೆ.

‘ಚಳಿ.’

‘ಓ, ನೀರು ತಣ್ಣಗಿದೆ, ಮರಿಗೆ ಚಳಿ ಆಗ್ತದೆ! ನಿಂಗೂ ಬೆಳಿಗ್ಗೆ ಸ್ನಾನಕ್ಕೆ ಚಳಿ ಆಗಿತ್ತಲ್ಲ?’

‘ನಾನು ಅಳ್ಲಿಲ್ಲ.’

‘ಇಲ್ಲ, ನೀನು ಅಳ್ಲಿಲ್ಲ. ಮರಿ ಅಳ್ತದಾ ನೋಡನ, ಪುಟ ತಿರುಗ್ಸು.’

ಮಗು ಒಂದು ಪದ ಹೇಳಿತು, ಅಮ್ಮ ಅದನ್ನು ವಾಕ್ಯ ಮಾಡಿ ವಾಪಸು ಕೊಟ್ಟಳು. ಆಮೇಲೆ ಅದನ್ನು ಮಗುವಿನ ಅವತ್ತಿನ ದಿನಕ್ಕೆ ಕಟ್ಟಿದಳು. ಪುಸ್ತಕದ ಪ್ರಕಾರ ಮರಿ ಹೆದರಿದ್ದು ಮೊಸಳೆಗೇ ಇರಬಹುದು. ಆದರೂ ‘ತಪ್ಪು, ಸರಿಯಾಗಿ ನೋಡು’ ಎನ್ನಲಿಲ್ಲ. ಮುಂದಿನ ಪುಟದಲ್ಲಿ ಮೊಸಳೆ ಬಂದಾಗ ಮಗುವೇ ತಿದ್ದಿಕೊಳ್ಳುತ್ತದೆ.

ಹೊಸ ಪುಸ್ತಕವಾದರೆ ಮೊದಲ ರಾತ್ರಿ ಪ್ರಶ್ನೆ ಕೇಳದೆ ಓದಿ, ಕಥೆ ಏನೆಂದು ತಿಳಿಯಲಿ. ಎರಡನೇ ರಾತ್ರಿ ‘ಇದೆಂತ, ಇದು ಯಾರು’ ಎಂಬ ಸಣ್ಣ ಪ್ರಶ್ನೆ. ಮೂರು ನಾಲ್ಕನೇ ಸಲಕ್ಕೆ ‘ಎಂತಕ್ಕೆ, ಆಮೇಲೆ ಎಂತಾಯ್ತು’. ಮತ್ತೆ ಮತ್ತೆ ಬರುವ ಸಾಲಿದ್ದರೆ ಅದರ ಕೊನೆಯ ಪದ ಬಿಟ್ಟು ನಿಲ್ಲಿ, ಮಗು ತುಂಬುತ್ತದೆ. ಕರಡಿಗೆ ಒಂದು ದನಿ, ಇಲಿಗೆ ಒಂದು ದನಿ ಮಾಡಲು ನಾಚಿಕೆ ಬೇಡ. ರಾತ್ರಿಯಿಡೀ ಯಕ್ಷಗಾನ ನೋಡಿ ಭಾಗವತರ ಪದ ಬಾಯಿಪಾಠ ಮಾಡಿಕೊಂಡ ಊರಿನವರು ನಾವು, ಒಂದು ನರಿಯ ದನಿ ತೆಗೆಯಲಾರೆವೇ?

ಒಂದು ಎಚ್ಚರ. ಇದು ಮಲಗುವ ಹೊತ್ತು. ಪುಟಕ್ಕೆ ನಾಲ್ಕು ಪ್ರಶ್ನೆ ಕೇಳಿದರೆ ಮಗು ಎದ್ದು ಕೂರುತ್ತದೆ. ಮೊದಲ ಪುಸ್ತಕಕ್ಕೆ ಎರಡೋ ಮೂರೋ ಪ್ರಶ್ನೆ, ಕೊನೆಯ ಪುಸ್ತಕಕ್ಕೆ ಒಂದೂ ಬೇಡ. ಕೊನೆಯದನ್ನು ನಿಧಾನವಾಗಿ, ದನಿ ಇಳಿಸುತ್ತಾ ಓದಿ.

ಮತ್ತು ದಯವಿಟ್ಟು ಇದನ್ನು ಪಾಠ ಮಾಡಬೇಡಿ. ‘ಇದು ಯಾವ ಅಕ್ಷರ ಹೇಳು’, ‘ಈ ಕಥೆಯ ನೀತಿ ಏನು’ ಎಂದು ಕೇಳಿದ ಕೂಡಲೇ ಮಗುವಿಗೆ ಹಾಸಿಗೆಯೂ ಒಂದು ತರಗತಿ. ಅಕ್ಷರದ ಮೇಲೆ ಬೆರಳು ಓಡಿಸುತ್ತಾ ಓದಿದರೆ ಅಕ್ಷರ ಎಡದಿಂದ ಬಲಕ್ಕೆ ಹೋಗುತ್ತದೆ, ಇಲ್ಲಿ ಬರೆದದ್ದನ್ನೇ ಅಮ್ಮ ಹೇಳುತ್ತಿದ್ದಾಳೆ ಎಂಬುದು ಮಗುವಿಗೆ ತಾನಾಗಿ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಿನದು ಶಾಲೆಯ ಕೆಲಸ. ಹಾಗೆಯೇ ‘ಊಟ ಮಾಡದಿದ್ರೆ ಇವತ್ತು ಪುಸ್ತಕ ಇಲ್ಲ’ ಎಂಬ ಬೆದರಿಕೆ. ಎಷ್ಟೇ ಹಟ ಮಾಡಿದ ದಿನವಾದರೂ ಪುಸ್ತಕವನ್ನು ಶಿಕ್ಷೆಯ ಪಟ್ಟಿಗೆ ಸೇರಿಸಬೇಡಿ.

‘ಇನ್ನೊಂದ್ಸಲ’

ಅದೇ ಪುಸ್ತಕ, ಅದೇ ಆನೆ, ಇಪ್ಪತ್ತನೇ ರಾತ್ರಿ. ನಿಮಗೆ ಕಣ್ಣು ಮುಚ್ಚುತ್ತದೆ, ಮಗುವಿಗೆ ಉತ್ಸಾಹ ಇಳಿಯುವುದಿಲ್ಲ. ಓದಿದ್ದನ್ನೇ ಓದಿಸಿಕೊಳ್ಳುವುದರಲ್ಲಿ ಮಗು ಹೊಸ ಪದಗಳನ್ನು ಹಿಡಿಯುತ್ತದೆ, ಮುಂದೇನು ಎಂದು ಮೊದಲೇ ಹೇಳುವ ಖುಷಿಯೂ ಇದೆ. ಪುಟ ಹಾರಿಸಿ ಬೇಗ ಮುಗಿಸೋಣ ಎಂದು ನೋಡಬೇಡಿ, ಸಿಕ್ಕಿಬೀಳುತ್ತೀರಿ. ಬದಲಿಗೆ ಲೆಕ್ಕವನ್ನು ಮೊದಲೇ ಹೇಳಿಬಿಡಿ: ಎರಡು ಪುಸ್ತಕ, ಒಂದು ನೀನು ಆರಿಸಿದ್ದು, ಒಂದು ನಾನು ಆರಿಸಿದ್ದು. ಮಗು ಹಳೆಯದನ್ನೇ ಆರಿಸಲಿ, ನೀವು ಹೊಸದನ್ನು ತನ್ನಿ. ಮೂರನೆಯದನ್ನು ಕೇಳಿದರೆ ‘ಅದು ನಾಳೆಗೆ’ ಎಂದು ದಿಂಬಿನ ಪಕ್ಕದಲ್ಲೇ ಇಡಿ. ಮೊದಲ ವಾರ ಅಳುತ್ತದೆ. ನೀವು ಒಂದು ದಿನ ಸಡಿಲ ಬಿಟ್ಟರೆ ಎರಡನೇ ವಾರವೂ ಅಳುತ್ತದೆ.

ಮುಗಿಸುವ ಮಾತು

ನಮ್ಮ ಅಜ್ಜಿಯರ ಕಥೆಗಳು ‘ಅವರು ಅಲ್ಲಿ ಸುಖವಾಗಿದ್ರು, ನಾವು ಇಲ್ಲಿ ಸುಖವಾಗಿದ್ದೀವಿ’ ಎಂದು ಮುಗಿಯುತ್ತಿದ್ದವು. ಆ ಸಾಲನ್ನು ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದು. ಪ್ರತಿ ರಾತ್ರಿ ಅದೇ ಸಾಲು, ಪುಸ್ತಕ ಮುಚ್ಚುವುದು, ಮಗುವೇ ಅದನ್ನು ತಲೆದೆಸೆಯ ಗೂಡಿನಲ್ಲಿಡುವುದು, ಮಗುವೇ ಸ್ವಿಚ್ ಒತ್ತುವುದು. ಕತ್ತಲಾದ ಮೇಲೆ ಮಗು ಮಾತಾಡಿಸಿದರೆ ‘ಹ್ಞೂಂ’ ಅಷ್ಟೆ ನಿಮ್ಮ ಉತ್ತರ.

ಯಾರು ಓದಬೇಕು

ಇದನ್ನು ಅಮ್ಮನೊಬ್ಬಳ ಕೆಲಸ ಮಾಡಿದರೆ ಅವಳು ತವರಿಗೆ ಹೋದ ದಿನ, ಜ್ವರ ಬಂದ ದಿನ ಎಲ್ಲ ನಿಂತುಹೋಗುತ್ತದೆ. ಶುರುವಿನಿಂದಲೇ ಇಬ್ಬರ ಕೈಗೆ ರೂಢಿ ಕೊಡಿ. ಎರಡು ದಿನ ಅಪ್ಪ, ಎರಡು ದಿನ ಅಮ್ಮ ಎನ್ನುವಂತೆ ಇರಲಿ, ಬೇಕೆಂದಾಗ ಬದಲಾಯಿಸಿಕೊಳ್ಳಿ. ಅಪ್ಪ ಓದುವ ರೀತಿ ಬೇರೆ ಇರುತ್ತದೆ, ಎಲ್ಲೆಲ್ಲೋ ಹೋಗುತ್ತಾನೆ, ಕಥೆಯಲ್ಲಿ ಇಲ್ಲದ ಬುಲ್‌ಡೋಜರ್ ತರುತ್ತಾನೆ. ತರಲಿ. ಹೊರಗಿನಿಂದ ಇಣುಕಿ ತಿದ್ದಬೇಡಿ. ಒಂದೇ ಶರತ್ತು: ಸಾಲು ಅದೇ, ಕೊನೆಯ ಮಾತು ಅದೇ. ಉದ್ದದ ಕಥೆಯಾದರೆ ಎಲ್ಲಿಗೆ ನಿಲ್ಲಿಸಿದ್ದು ಎಂದು ತಿಳಿಯಲು ಒಂದು ಚೀಟಿ ಇಟ್ಟಿರಿ.

ಅಜ್ಜ ಅಜ್ಜಿ ಇರುವ ಮನೆ ಅದೃಷ್ಟದ್ದು. ಕನ್ನಡಕ ಇಲ್ಲದೆ ಅಕ್ಷರ ಕಾಣದ ಅಜ್ಜಿಯ ಕೈಗೆ ದೊಡ್ಡ ಚಿತ್ರಗಳ ಪುಸ್ತಕ ಕೊಡಿ. ಚಿತ್ರ ನೋಡಿ ತನ್ನದೇ ಕಥೆ ಹೇಳುತ್ತಾಳೆ. ಪುಸ್ತಕವೇ ಇಲ್ಲದೆ ಹೇಳಿದರೂ ಅವತ್ತಿನ ಲೆಕ್ಕಕ್ಕೆ ಅದು ಸಂದಿತು, ಮೇಲಿಂದ ಪುಸ್ತಕ ಓದಬೇಕಿಲ್ಲ. ಗುಮ್ಮ, ದೆವ್ವ, ಮಕ್ಕಳನ್ನು ಹಿಡಿದೊಯ್ಯುವವರ ಕಥೆಗಳನ್ನು ಮಾತ್ರ ‘ಅದು ಹಗಲು ಹೇಳಿ ಅತ್ತೆ, ರಾತ್ರಿ ಇವ್ಳು ಬೆಚ್ಚಿಬೀಳ್ತಾಳೆ’ ಎಂದು ಮೆಲ್ಲಗೆ ಹೇಳಿ.

ಅಪ್ಪನೋ ಅಮ್ಮನೋ ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಶನಿವಾರಕ್ಕೊಮ್ಮೆ ಬರುವ ಮನೆಗಳು ನಮ್ಮಲ್ಲಿ ಎಷ್ಟೋ. ಮಲಗುವ ಹೊತ್ತಿನ ವಿಡಿಯೊ ಕರೆಯ ಅನುಭವ ಎಲ್ಲರಿಗೂ ಒಂದೇ: ಮುಖ ಕಂಡರೆ ಮಗು ಕುಣಿಯುತ್ತದೆ, ಕರೆ ಮುಗಿದರೆ ಅಳುತ್ತದೆ. ಅದಕ್ಕಿಂತ ವಾಟ್ಸಾಪ್‌ನಲ್ಲಿ ಕಥೆ ಓದಿದ ಧ್ವನಿ ಕಳಿಸುವುದು ಮೇಲು. ಭಾನುವಾರ ಹೊರಡುವ ಮುಂಚೆ ಪುಸ್ತಕದ ಪುಟಗಳ ಫೋಟೊ ತೆಗೆದುಕೊಂಡು ಹೋಗಿ, ಅಲ್ಲಿಂದ ಓದಿ ಕಳಿಸಿ, ‘ಈಗ ಪುಟ ತಿರುಗ್ಸು’ ಎಂದು ನಡುನಡುವೆ ಹೇಳಿ. ಇಲ್ಲಿ ಪುಸ್ತಕ ಮಗುವಿನ ಕೈಯಲ್ಲಿ, ಫೋನು ಕವುಚಿ ಹಾಕಿ ದಿಂಬಿನಾಚೆ.

ಸಾಲು ತಪ್ಪುವ ದಿನಗಳು

ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿಯ ಮನೆ ಬೇರೆಯೇ. ಚಪ್ಪರದಡಿ ಮೆಟ್ಟುಕತ್ತಿ ಇಟ್ಟುಕೊಂಡು ಹತ್ತು ಜನ ಕೂತಿರುತ್ತಾರೆ, ಯಂತ್ರವಿದ್ದರೆ ಅದರ ಗದ್ದಲ, ಒಲೆಯ ಮೇಲೆ ಅಡಿಕೆ ಬೇಯುತ್ತಿರುತ್ತದೆ; ಮಗು ಅಲ್ಲೇ ಗೋಣಿಚೀಲದ ಮೇಲೆ ನಿದ್ದೆ ಹೋಗುತ್ತದೆ. ಇಂಥ ತಿಂಗಳಿನಲ್ಲಿ ಪೂರ್ತಿ ಸಾಲಿನ ಆಸೆ ಬಿಟ್ಟು ಗಿಡ್ಡ ಸಾಲು ಮಾಡಿಕೊಳ್ಳಿ: ಸುಲಿಯಲು ಕೂರುವ ಮುಂಚೆ ಕೈಕಾಲು ತೊಳೆಸಿ, ಹಾಸಿಗೆಯ ಮೇಲೆ ಒಂದೇ ಒಂದು ಪುಸ್ತಕ, ಕೊನೆಯ ಮಾತು. ಆಮೇಲೆ ಮಗು ಎದ್ದು ಚಪ್ಪರಕ್ಕೆ ಬಂದರೂ ಬರಲಿ. ಸುಲಿದಾದ ಮೇಲೆ ಓದುತ್ತೇನೆ ಎಂದರೆ ಮಗುವೂ ಎದ್ದಿರುವುದಿಲ್ಲ, ಅಡಿಕೆಯಿಂದ ಕಪ್ಪಾದ ಬೆರಳು ಪುಟದ ಮೇಲೆ ಅಚ್ಚಾಗುತ್ತದೆ.

ಹಬ್ಬ, ಮದುವೆ, ಯಕ್ಷಗಾನದ ಆಟ ನೋಡಲು ಹೋದ ರಾತ್ರಿಗಳಿಗೆ ಪ್ರಾಯಶ್ಚಿತ್ತ ಬೇಡ. ಮರುದಿನ ಎರಡು ಪಟ್ಟು ಓದಿ ಸರಿದೂಗಿಸುವುದೂ ಬೇಡ. ಅಜ್ಜಿಮನೆಗೆ ಹೋಗುವಾಗ ಒಂದು ಪುಸ್ತಕ ಚೀಲದಲ್ಲಿರಲಿ, ಹಳೆಯದೇ ಆಗಲಿ. ಜಾಗ ಹೊಸದಾದಾಗ ಮಗುವಿಗೆ ಪರಿಚಿತ ಪುಸ್ತಕವೇ ಬೇಕು.

ಮಳೆಗಾಲದಲ್ಲಿ ಪುಸ್ತಕ

ಆಷಾಢದಲ್ಲಿ ಪುಸ್ತಕಕ್ಕೆ ಬೂಸಲು ಹಿಡಿಯುವುದನ್ನು ಪೂರ್ತಿ ತಡೆಯುವುದು ಯಾರಿಂದಲೂ ಆಗದು. ಗೋಡೆಗೆ ತಾಗಿಸದೆ ನಿಲ್ಲಿಸಿಡಿ, ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ, ಬಿಸಿಲು ಇಣುಕಿದ ದಿನ ಜಗಲಿಯಲ್ಲಿ ಪುಟ ಬಿಡಿಸಿ ಇಡಿ. ಒಂದು ಮಾತು ಖಂಡಿತ ನೆನಪಿಡಿ: ಮಕ್ಕಳ ಪುಸ್ತಕದ ಡಬ್ಬಿಯಲ್ಲಿ ನುಸಿಗುಳಿಗೆ ಹಾಕಬೇಡಿ. ನೋಡಲು ಪೆಪ್ಪರ್‌ಮೆಂಟಿನ ಹಾಗಿರುತ್ತದೆ, ಆದರೆ ಅದರಲ್ಲಿರುವ ನ್ಯಾಫ್ತಲೀನ್ ವಿಷ. ತೇವ ಹೀರುವ ಸಿಲಿಕಾ ಪೊಟ್ಟಣವೂ ಮಗುವಿನ ಕೈಗೆ ಸಿಗದ ಮೇಲಿನ ಕಪಾಟಿನಲ್ಲೇ ಇರಲಿ, ಅದು ಗಂಟಲಲ್ಲಿ ಸಿಕ್ಕಬಹುದು. ಹರಿದ ಪುಟಕ್ಕೆ ಟೇಪ್ ಅಂಟಿಸುವಾಗ ಮಗುವನ್ನೂ ಕೂರಿಸಿಕೊಳ್ಳಿ.

ಓದುವಾಗ ಒಂದು ವಿಷಯ ತಾನಾಗಿ ಗಮನಕ್ಕೆ ಬರುತ್ತದೆ. ಎರಡು ವರ್ಷ ತುಂಬಿದರೂ ಎರಡು ಪದ ಸೇರಿಸಿ ಹೇಳದ, ಹೆಸರು ಕರೆದರೆ ತಿರುಗದ, ಚಿತ್ರಕ್ಕೆ ಬೆರಳು ತೋರದ ಮಗುವನ್ನು ‘ನಿಧಾನ ಮಾತಾಡ್ತಾನೆ ಬಿಡಿ’ ಎಂದು ಬಿಡದೆ ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೂ ಬಂದು ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತದೆ. ಅಂಗನವಾಡಿ ಟೀಚರ್ ಹತ್ತಿರ ಯಾವಾಗ ಬರುತ್ತಾರೆ ಎಂದು ಕೇಳಿ.

ಒಂದನೇ ಕ್ಲಾಸಿಗೆ ಸೇರಿದ ಮೇಲೆ

‘ಈಗ ಅವನೇ ಓದ್ತಾನಲ್ಲ’ ಎಂದು ಓದಿ ಹೇಳುವುದನ್ನು ನಿಲ್ಲಿಸುವವರೇ ಹೆಚ್ಚು. ಒಂದನೇ ಕ್ಲಾಸಿನ ಮಗು ಅಕ್ಷರ ಕೂಡಿಸಿ ಓದಬಲ್ಲ ಕಥೆ ನಾಲ್ಕು ಸಾಲಿನದು, ಕೇಳಿ ಅರ್ಥ ಮಾಡಿಕೊಳ್ಳಬಲ್ಲ ಕಥೆ ನಲವತ್ತು ಪುಟದ್ದು. ಆ ಅಂತರ ಇರುವವರೆಗೆ ನೀವು ಓದಬೇಕು. ಮಗು ತಾನೂ ಓದುತ್ತೇನೆ ಎಂದರೆ ಪುಟಕ್ಕೆ ಒಂದು ಸಾಲು ಅದಕ್ಕೆ ಬಿಟ್ಟುಕೊಡಿ, ಮಿಕ್ಕದ್ದು ನೀವು. ಒತ್ತಕ್ಷರದಲ್ಲಿ ಎಡವಿದರೆ ಆ ಪದವನ್ನು ನೀವೇ ಮೆಲ್ಲಗೆ ಹೇಳಿ ಮುಂದೆ ಹೋಗಿ. ಮತ್ತೊಮ್ಮೆ ಓದು ಎನ್ನಬೇಡಿ, ಅದನ್ನು ಬೆಳಿಗ್ಗೆ ಟೀಚರ್ ನೋಡಿಕೊಳ್ಳುತ್ತಾರೆ.